‘ಟಿ.ಸಿ. ತಗೊಂಡು ಹೋಗಿ’ ಅನ್ನುವ ಮೊದಲು: ಯಾವ ಕಾಲಂಗೂ ಸೇರದ ಮಕ್ಕಳ ಬಗ್ಗೆ ಒಬ್ಬ ವಿಶೇಷ ಶಿಕ್ಷಕಿಯ ಮಾತು

ಒಂದೂವರೆ ವರ್ಷದ ಹಿಂದಿನ ಮಾತು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಹಳ್ಳಿ ಶಾಲೆಯೊಂದರ ಮುಖ್ಯ ಶಿಕ್ಷಕರು ಫೋನ್ ಮಾಡಿದರು. “ಮೇಡಂ, ನಾಲ್ಕನೇ ಕ್ಲಾಸಲ್ಲಿ ಒಬ್ಬ ಹುಡುಗ ಇದಾನೆ. ನಮ್ ಕೈಲಿ ಆಗ್ತಿಲ್ಲ. ನೀವೊಂದ್ಸಲ ಬಂದು ನೋಡಿ, ನಿಮ್ ಲಿಸ್ಟಿಗೆ ಸೇರಿಸ್ಕೊಳ್ಳಿ. ಇಲ್ಲಾಂದ್ರೆ ಅವರಮ್ಮನ್ನ ಕರೆಸಿ ಟಿ.ಸಿ. ತಗೊಂಡು ಹೋಗಿ ಅಂತೀನಿ.”

ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. ಆ ವಾರ ಈ ಹುಡುಗ ಎಸೆದ ಸ್ಟೀಲ್ ಬಾಟಲಿ ಒಬ್ಬ ಹುಡುಗಿಯ ಹಣೆಗೆ ಬಡಿದು ಎರಡು ಹೊಲಿಗೆ ಬಿದ್ದಿತ್ತು. ಅವಳ ಮನೆಯವರು ಗೇಟಿನ ಹತ್ತಿರ ಬಂದು ಗಲಾಟೆ ಮಾಡಿದ್ದರು. ಆ ಶಾಲೆಯಲ್ಲಿ ಐದು ತರಗತಿ, ಇಬ್ಬರೇ ಶಿಕ್ಷಕರು. ಅದರಲ್ಲೂ ಒಬ್ಬರು ಅತಿಥಿ ಶಿಕ್ಷಕಿ. ಪಾಠದ ಜೊತೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಎಂಟ್ರಿ ಎಲ್ಲವೂ ಇವರ ತಲೆ ಮೇಲೆ. ಹಾಗಾಗಿ ಅವರನ್ನು ಖಳನಾಯಕ ಮಾಡುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ.

ನಾನು ಹಳೇ ಮೈಸೂರು ಭಾಗದ ಒಂದು ತಾಲ್ಲೂಕಿನಲ್ಲಿ ವಿಶೇಷ ಶಿಕ್ಷಕಿ. ಒಂದೇ ಶಾಲೆಯಲ್ಲಿ ಕೂತು ಪಾಠ ಮಾಡುವ ಕೆಲಸವಲ್ಲ ಇದು. ಸ್ಕೂಟರ್ ಹತ್ತಿಕೊಂಡು ಶಾಲೆಯಿಂದ ಶಾಲೆಗೆ, ಶಾಲೆಗೆ ಬರಲಾಗದ ಮಕ್ಕಳಿದ್ದರೆ ಅವರ ಮನೆಗೆ ಹೋಗಬೇಕು. ಮುಖ್ಯ ಶಿಕ್ಷಕರು ಹೇಳಿದ ‘ಲಿಸ್ಟ್’ ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳ ಪಟ್ಟಿ. ಕಿವಿ ಕೇಳದವರು, ಕಣ್ಣು ಕಾಣದವರು, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ವಿಕಲತೆ ಇರುವವರು ಅದರಲ್ಲಿರುತ್ತಾರೆ.

ಆದರೆ ನನಗೆ ಬರುವ ಫೋನ್‌ಗಳಲ್ಲಿ ಬಹಳಷ್ಟು ಈ ಪಟ್ಟಿಯಲ್ಲಿ ಇಲ್ಲದ ಮಕ್ಕಳ ಬಗ್ಗೆ ಇರುತ್ತವೆ. ಡೆಸ್ಕಿನ ಕೆಳಗೆ ಕೂತು ಹೊರಗೆ ಬರದ ಮಗು, ಪಕ್ಕದವರನ್ನು ಕಚ್ಚುವ ಮಗು, ತನ್ನ ಕೂದಲನ್ನು ತಾನೇ ಕಿತ್ತುಕೊಳ್ಳುವ ಮಗು, ಗಂಟೆ ಹೊಡೆಯುವ ಮೊದಲೇ ಕಾಂಪೌಂಡ್ ಹಾರಿ ಓಡುವ ಮಗು. ಪುಸ್ತಕದ ಭಾಷೆಯಲ್ಲಿ ಇವರು ‘ಭಾವನಾತ್ಮಕ ಅಗತ್ಯವಿರುವ ಮಕ್ಕಳು’. ಶಾಲೆಯ ಭಾಷೆಯಲ್ಲಿ ಹಟಮಾರಿ, ಮೊಂಡ, ಪುಂಡ. ಇವರ ಜೊತೆಗಿನ ಕೆಲಸ ಹೇಗಿರುತ್ತೆ, ಅದು ಯಾಕೆ ಆಗಬೇಕಾದಷ್ಟು ಆಗುತ್ತಿಲ್ಲ ಅನ್ನುವುದನ್ನು ಆ ಹುಡುಗನ ಕತೆಯ ಮೂಲಕವೇ ಹೇಳುತ್ತೇನೆ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ.

ಪಟ್ಟಿಗೆ ಸೇರಿಸುವುದು ಅಷ್ಟು ಸುಲಭ ಅಲ್ಲ

‘ಲಿಸ್ಟಿಗೆ ಸೇರಿಸ್ಕೊಳ್ಳಿ’ ಅಂದ ತಕ್ಷಣ ಸೇರಿಸುವ ಅಧಿಕಾರ ನನಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. ಅದಕ್ಕೂ ಹಿಂದಿನ 1995ರ ಕಾಯ್ದೆಯಲ್ಲಿ ಏಳೇ ಇದ್ದವು. ಅಂದರೆ ನಾವು ಮುಂದೆ ಬಂದಿದ್ದೇವೆ, ನಿಜ. ಆ 21ರಲ್ಲಿ ‘ಮಾನಸಿಕ ಅಸ್ವಸ್ಥತೆ’ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ. ಭಾವನಾತ್ಮಕ ತೊಂದರೆ ಅನ್ನುವ ಪ್ರತ್ಯೇಕ ಹೆಸರು ಇಲ್ಲ.

‘ಮಾನಸಿಕ ಅಸ್ವಸ್ಥತೆ ಅಂತಲೇ ಬರೆಸಿ’ ಅನ್ನಬಹುದು. ಅದರ ವ್ಯಾಖ್ಯಾನ ಓದಿ ನೋಡಿ: ಯೋಚನೆ, ಮನಸ್ಥಿತಿ, ಗ್ರಹಿಕೆ, ನೆನಪಿನಲ್ಲಿ ಗಣನೀಯ ಏರುಪೇರಾಗಿ ವಿವೇಚನೆ, ವರ್ತನೆ ಅಥವಾ ದಿನನಿತ್ಯದ ಬದುಕು ತೀವ್ರವಾಗಿ ಹದಗೆಟ್ಟಿರಬೇಕು. ಅದನ್ನು ಅಳೆಯಲು ವೈದ್ಯರು ಬಳಸುವುದು ‘ಐಡಿಯಾಸ್’ ಎಂಬ ಅಳತೆಗೋಲು. ಸ್ವಂತ ಆರೈಕೆ, ಜನರ ಜೊತೆಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಈ ನಾಲ್ಕರಲ್ಲಿ ಅಂಕ ಹಾಕಿ, ಕಾಯಿಲೆ ಎಷ್ಟು ವರ್ಷದಿಂದ ಇದೆ ಅನ್ನುವುದಕ್ಕೂ ಅಂಕ ಸೇರಿಸುತ್ತಾರೆ. ಒಂಬತ್ತು ವರ್ಷದ ಹುಡುಗ. ತೊಂದರೆ ಶುರುವಾಗಿ ತಿಂಗಳುಗಳಾಗಿವೆ, ವರ್ಷಗಳಲ್ಲ. ತಾನೇ ಸ್ನಾನ ಮಾಡ್ತಾನೆ, ತಾನೇ ಊಟ ಮಾಡ್ತಾನೆ. ಈ ಗೋಲಿನಲ್ಲಿ ಅವನನ್ನು ಅಳೆದರೆ ಏನು ಸಿಗುತ್ತೆ?

ಇನ್ನು ಶೇ 40ರ ಪ್ರಶ್ನೆ. ಕಾಯ್ದೆಯ 16ನೇ ಸೆಕ್ಷನ್ ಶಾಲೆಗಳು ವಿಕಲತೆ ಇರುವ ಎಲ್ಲ ಮಕ್ಕಳನ್ನೂ ಒಳಗೊಳ್ಳಬೇಕು ಅನ್ನುತ್ತದೆ. ಅಲ್ಲಿ ಶೇಕಡಾವಾರಿನ ಮಾತಿಲ್ಲ. ಆದರೆ 31ನೇ ಸೆಕ್ಷನ್ ಕೊಡುವ 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣದ ಹಕ್ಕು ಶೇ 40ಕ್ಕಿಂತ ಕಡಿಮೆ ಇಲ್ಲದ ವಿಕಲತೆ ಇರುವವರಿಗೆ. ನಡೆಯುತ್ತಾ ನಡೆಯುತ್ತಾ ಎಲ್ಲದಕ್ಕೂ ಕಾರ್ಡ್ ಕೇಳುವುದೇ ರೂಢಿಯಾಗಿಬಿಟ್ಟಿದೆ. ಕಾರ್ಡ್ ಇಲ್ಲದ ಮಗು ಯಾರ ಕೆಲಸವೂ ಅಲ್ಲ.

ಹಾಗಾದರೆ ಇನ್ನೊಂದು ಕಾಲಂ ಸೇರಿಸಿದರೆ ಎಲ್ಲ ಸರಿಹೋಗುತ್ತಾ? ಅಮೆರಿಕದಲ್ಲಿ ಸೇರಿಸಿದ್ದಾರೆ. 1975ರಲ್ಲಿ ಬಂದ ಅಲ್ಲಿನ ವಿಶೇಷ ಶಿಕ್ಷಣ ಕಾಯ್ದೆಯಡಿ ‘ಭಾವನಾತ್ಮಕ ತೊಂದರೆ’ ಒಂದು ಅಧಿಕೃತ ವಿಭಾಗ. ಅದರಿಂದ ಶಿಕ್ಷಕರು ಬಂದರು, ಹಣ ಬಂತು, ಪ್ರತಿ ಮಗುವಿಗೂ ಒಂದು ಲಿಖಿತ ಯೋಜನೆ ಬಂತು. ಜೊತೆಗೆ ಇನ್ನೊಂದೂ ಆಯಿತು. ಆ ಹಣೆಪಟ್ಟಿ ಕಪ್ಪು ಮಕ್ಕಳಿಗೆ ಅವರ ಸಂಖ್ಯೆಗೆ ಮೀರಿ ಅಂಟಿಕೊಂಡಿತು, ಅವರನ್ನು ಬೇರೆ ಕೋಣೆಗಳಿಗೆ ತಳ್ಳುವ ದಾರಿಯಾಯಿತು ಅನ್ನುವ ವಾದ ಅಲ್ಲಿ ದಶಕಗಳಿಂದ ನಡೆಯುತ್ತಿದೆ. ಜಾತಿ ಇರುವ ನಮ್ಮ ಊರಲ್ಲಿ ಆ ಪಟ್ಟಿ ಯಾರ ಹಣೆಗೆ ಅಂಟುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ನಾನು ಕೇಳುತ್ತಿರುವುದು ಹೊಸ ಹಣೆಪಟ್ಟಿಯನ್ನಲ್ಲ. ಸರ್ಟಿಫಿಕೇಟ್ ಕೇಳದೆ ಸಿಗುವ ನೆರವನ್ನು. ಅದು ಹೇಗಿರುತ್ತೆ ಅಂತ ಈಗ ಹೇಳುತ್ತೇನೆ.

ಮೂರು ಭಾಗದ ಒಂದು ನೋಟ್‌ಬುಕ್

ಮೊದಲ ದಿನ ನಾನು ಆ ಹುಡುಗನ ಜೊತೆ ಮಾತೇ ಆಡಲಿಲ್ಲ. ಹಿಂದೆ ಒಂದು ಮೂಲೆಯಲ್ಲಿ ಕೂತೆ. ನೋಟ್‌ಬುಕ್‌ನ ಹಾಳೆಯಲ್ಲಿ ಎರಡು ಗೆರೆ ಎಳೆದು ಮೂರು ಭಾಗ ಮಾಡಿದೆ: ಮೊದಲು ಏನಾಯ್ತು, ಅವನು ಏನು ಮಾಡಿದ, ಆಮೇಲೆ ಏನಾಯ್ತು. ನಮ್ಮ ಕೆಲಸದ ಅ ಆ ಇ ಈ ಇದು. ‘ಅವನು ಯಾಕೆ ಹಿಂಗೆ’ ಅಂತ ಊಹೆ ಮಾಡುವ ಮೊದಲು ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ಬರೆಯಬೇಕು. ‘ಸಿಟ್ಟು ಮಾಡಿಕೊಂಡ’ ಅಂತ ಬರೆಯುವ ಹಾಗಿಲ್ಲ. ‘ಪುಸ್ತಕ ಎಸೆದ, ಬಾಗಿಲ ಹತ್ತಿರ ಹೋಗಿ ನಿಂತ’ ಅಂತ ಬರೆಯಬೇಕು.

ವಾರಕ್ಕೆ ಎರಡು ದಿನ ಹೋದೆ. ನಾನಿಲ್ಲದ ದಿನ ಅತಿಥಿ ಶಿಕ್ಷಕಿ ಬರೆದರು. ಮೂರು ವಾರದಲ್ಲಿ 11 ಘಟನೆ ಸೇರಿದವು. ಮೊದಲ ಭಾಗದಲ್ಲಿ ದೊಡ್ಡದೇನೂ ಇರಲಿಲ್ಲ. ಹೋಂವರ್ಕ್ ಮಾಡಿರಲಿಲ್ಲ, ಸಾಲಿನಲ್ಲಿ ತಳ್ಳಾಟ ಆಯ್ತು, ನೀರು ಚೆಲ್ಲಿದ. ಎಲ್ಲ ಮಕ್ಕಳೂ ಮಾಡುವಂಥದ್ದೇ. ಆದರೆ ಒಂದಾದ ಮೇಲೊಂದು ಓದಿಕೊಂಡು ಹೋದಾಗ 11ರಲ್ಲಿ 8 ಕಡೆ, ಆ ಸಣ್ಣ ತಪ್ಪಿಗೂ ಅವನು ಕೈಗೆ ಸಿಕ್ಕಿದ್ದನ್ನು ಎಸೆಯುವುದಕ್ಕೂ ನಡುವೆ ಒಂದೇ ಮಾತು ಇತ್ತು.

“ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ.”

ಅವನ ಅಪ್ಪ ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದವರು. ಹಿಂದಿನ ನವೆಂಬರ್‌ನಲ್ಲಿ ಕೆಲಸದ ಜಾಗದಲ್ಲೇ ಬಿದ್ದು ತೀರಿಕೊಂಡಿದ್ದರು. ಜೂನ್‌ನಲ್ಲಿ ಅಮ್ಮ ಮಗನನ್ನು ಕರೆದುಕೊಂಡು ತವರಿಗೆ ಬಂದು ಈ ಶಾಲೆಗೆ ಸೇರಿಸಿ, ತಾವು ಹತ್ತಿರದ ಗಾರ್ಮೆಂಟ್ಸ್‌ಗೆ ಹೋಗತೊಡಗಿದ್ದರು. ಅವನು ತಂದ ಟಿ.ಸಿ.ಯಲ್ಲಿ ತಂದೆಯ ಹೆಸರಿತ್ತು, ನಡತೆ ‘ಉತ್ತಮ’ ಅಂತಿತ್ತು. ತಂದೆ ಇಲ್ಲ ಅಂತ ಬರೆಯುವ ಜಾಗ ಇರಲಿಲ್ಲ. ಶಿಕ್ಷಕರಿಬ್ಬರಿಗೂ ಗೊತ್ತಿರಲಿಲ್ಲ.

ಶಾಲೆಯಲ್ಲಿ ಒಬ್ಬರಿಗೆ ಗೊತ್ತಿತ್ತು. ಬಿಸಿಯೂಟ ಮಾಡುವ ಅಕ್ಕನಿಗೆ. ಅವರದೂ ಅದೇ ಕೇರಿ. “ನಂಗೆ ಗೊತ್ತಿತ್ತು ಮೇಡಂ. ಆದ್ರೆ ನನ್ನ ಯಾರು ಕೇಳಿದ್ರು?” ಅಂದರು.

ಆಮೇಲೆ ಮಾಡಿದ್ದು ಯಾವುದೂ ದೊಡ್ಡ ವಿದ್ಯೆಯಲ್ಲ. ಆ ಮಾತನ್ನು ಆ ಶಾಲೆಯಲ್ಲಿ ಯಾವ ಮಗುವಿಗೂ ಹೇಳುವುದು ಬೇಡ, ‘ಮನೆಯಿಂದ ಯಾರಾದರೂ ಬರಲಿ’ ಅಂದರೆ ಸಾಕು ಅಂತ ತೀರ್ಮಾನವಾಯಿತು. ಮೈ ಬಿಸಿಯಾದ ಹಾಗೆ ಅನಿಸಿದರೆ ಅವನು ಮೇಜಿನ ಮೇಲೆ ಒಂದು ಕೆಂಪು ಸೀಮೆಸುಣ್ಣ ಇಟ್ಟು ಹೊರಗೆ ಹೋಗಬಹುದು, ಯಾರೂ ಯಾಕೆ ಅಂತ ಕೇಳಬಾರದು. ಹೋಗಿ ಕೂರುವ ಜಾಗ ಅಡುಗೆ ಕೋಣೆಯ ಮುಂದಿನ ಜಗುಲಿ, ಅಕ್ಕನ ಕಣ್ಣಳತೆಯಲ್ಲಿ. ಹತ್ತು ನಿಮಿಷಕ್ಕೆ ವಾಪಸ್ ಬರಬೇಕು. ಬೆಳಿಗ್ಗೆ ಅವನ ಜೊತೆ ಶಿಕ್ಷಕಿ ಎರಡು ನಿಮಿಷ ಮಾತಾಡಬೇಕು, ಅವನ ತಪ್ಪಿನ ಬಗ್ಗೆ ಅಲ್ಲ, ಬೇರೆ ಏನಾದರೂ. ಗಂಟೆ ಹೊಡೆಯುವ ಜವಾಬ್ದಾರಿ ಅವನಿಗೆ ಕೊಟ್ಟೆವು. ಅಮ್ಮನನ್ನು ದೂರು ಹೇಳಲು ಅಲ್ಲದೆ ಸುಮ್ಮನೆ ಮಾತಾಡಲು ಒಂದು ಭಾನುವಾರ ಅವರ ಮನೆಯಲ್ಲೇ ಕಂಡೆ.

ಹಣೆಗೆ ಏಟು ಬಿದ್ದ ಹುಡುಗಿಯ ವಿಷಯ ಮರೆಯುವ ಹಾಗಿರಲಿಲ್ಲ. ಹೆದರದೆ ಕ್ಲಾಸಲ್ಲಿ ಕೂರುವ ಹಕ್ಕು ಅವಳಿಗೂ ಇದೆ. ಅವಳಿಗೆ ಎಲ್ಲಿ ಕೂರಬೇಕು ಅನಿಸುತ್ತೆ ಅಂತ ಕೇಳಿ ಜಾಗ ಬದಲಿಸಿದೆವು. ಅವಳ ಮನೆಗೆ ಮುಖ್ಯ ಶಿಕ್ಷಕರೇ ಹೋಗಿ ಏನು ಮಾಡುತ್ತಿದ್ದೇವೆ ಅಂತ ಹೇಳಿ ಬಂದರು. ಪ್ರಾರ್ಥನೆ ವೇಳೆ ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸಲಿಲ್ಲ. ಕೆಲವು ವಾರಗಳ ಮೇಲೆ ಅವನೇ ಹೋಗಿ ಕೇಳಿದ.

ಅಕ್ಟೋಬರ್ ಹೊತ್ತಿಗೆ ಘಟನೆಗಳು ತಿಂಗಳಿಗೆ ಮೂರಕ್ಕೆ ಇಳಿದವು. ನವೆಂಬರ್‌ನಲ್ಲಿ, ಅಪ್ಪನ ವರ್ಷದ ತಿಥಿಯ ವಾರ, ಕಿಟಕಿ ಗಾಜು ಒಡೆದ. ಅಷ್ಟು ಹೊತ್ತಿಗೆ ಶಾಲೆಗೆ ಆ ವಾರ ಯಾವುದು ಅಂತ ಗೊತ್ತಿತ್ತು. ಯಾರೂ ಟಿ.ಸಿ. ಮಾತು ಎತ್ತಲಿಲ್ಲ.

ನಾನೂ ಎಲ್ಲ ಕಲಿತುಕೊಂಡೇ ಬಂದವಳಲ್ಲ. ನನ್ನ ವಿಶೇಷ ಬಿ.ಎಡ್. ಬೌದ್ಧಿಕ ವಿಕಲತೆ ವಿಭಾಗದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಕಿರುಚುತ್ತಿದ್ದ ಒಬ್ಬ ಪುಟ್ಟ ಹುಡುಗಿಯ ಎರಡೂ ಕೈ ಬಿಗಿಯಾಗಿ ಹಿಡಿದು ಕೂರಿಸಿದ್ದೆ. ಅವಳು ಸುಮ್ಮನಾದಳು. ಗೆದ್ದೆ ಅಂದುಕೊಂಡೆ. ಆಮೇಲೆ ನೋಡಿದರೆ ಅವಳು ಕೂತಲ್ಲೇ ಒಂದ ಮಾಡಿಕೊಂಡಿದ್ದಳು. ಅವಳ ಜೊತೆ ನೋಟ್‌ಬುಕ್ ಹಿಡಿದು ಕೂರುವುದು ನನಗೆ ಆಗ ಗೊತ್ತಿರಲಿಲ್ಲ.

ಯಾವ ಮಗುವಿಗೆ ಯಾವ ಹೆಸರು?

ಆ ಹುಡುಗನ ಬಗ್ಗೆ ಮೊದಲ ದಿನ ಕೇಳಿಬಂದ ಮಾತುಗಳಲ್ಲಿ ಒಂದು: “ಬಿಡಿ ಮೇಡಂ, ಆ ಕೇರಿ ಮಕ್ಕಳೇ ಹಂಗೆ.” ಇದನ್ನು ಹೇಳಿದವರು ಕೆಟ್ಟವರಲ್ಲ. ಯೋಚಿಸದೆ ಬಂದ ಮಾತು. ಆದರೆ ಅದು ಮಾಡುವ ಕೆಲಸ ನೋಡಿ. ಜಾತಿಯೇ ಕಾರಣ ಅಂದುಬಿಟ್ಟರೆ ಬೇರೆ ಕಾರಣ ಹುಡುಕುವುದೇ ಬೇಡ. ಬಹುಶಃ ಅದಕ್ಕೇ ಮೂರು ತಿಂಗಳು ಯಾರೂ ಅವನ ಅಪ್ಪ ಎಲ್ಲಿ ಅಂತ ಕೇಳಲಿಲ್ಲ.

ಪೇಟೆಯ ಖಾಸಗಿ ಶಾಲೆಯಲ್ಲಿ ಇದೇ ವಯಸ್ಸಿನ ಮಗು ಬಾಟಲಿ ಎಸೆದರೆ ಅದಕ್ಕೆ ಆತಂಕ, ಸ್ಟ್ರೆಸ್ ಅನ್ನುವ ಹೆಸರುಗಳು ಸಿಗುತ್ತವೆ. ಅಪ್ಪ ಅಮ್ಮ ದುಡ್ಡು ಕೊಟ್ಟು ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಹೋಗಲೂ ಬೇಕು. ಕೇರಿಯ ಮಗು ಅದನ್ನೇ ಮಾಡಿದರೆ ಪುಂಡ.

ಹೆಣ್ಣುಮಕ್ಕಳ ಕತೆ ಇನ್ನೊಂದು ಥರ. ಯಾರನ್ನೂ ಹೊಡೆಯದ, ದಿನಾ ಹೊಟ್ಟೆನೋವು ಅನ್ನುವ, ತಿಂಗಳುಗಟ್ಟಲೆ ಬಾಯಿ ಬಿಡದ ಹುಡುಗಿಯ ಬಗ್ಗೆ ನನಗೆ ಫೋನ್ ಬರುವುದಿಲ್ಲ. ಅವಳಿಂದ ಯಾರಿಗೂ ತೊಂದರೆ ಇಲ್ಲವಲ್ಲ! ‘ಒಳ್ಳೆ ಹುಡುಗಿ, ಸೈಲೆಂಟು’ ಅಂತ ಹೇಳಿ ಮುಂದೆ ಹೋಗುತ್ತಾರೆ.

ಇದು ಎಲ್ಲೋ ಒಂದೆರಡು ಮಕ್ಕಳ ವಿಷಯ ಅಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇದೆ ಅಂತ ಹೇಳಿತ್ತು. 40 ಮಕ್ಕಳ ಕ್ಲಾಸಿನಲ್ಲಿ ಹೆಚ್ಚುಕಡಿಮೆ ಮೂವರು.

ಹೊರಗೆ ಹಾಕುವಂತಿಲ್ಲ, ಆದರೆ ಹಾಕುತ್ತಾರೆ

‘ಟಿ.ಸಿ. ತಗೊಂಡು ಹೋಗಿ’ ಅನ್ನುವುದು ಕಾನೂನಿನ ಪ್ರಕಾರ ಸರಿಯೇ? ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರಲ್ಲಿ ತಿದ್ದುಪಡಿ ಬಂದು 5 ಮತ್ತು 8ನೇ ತರಗತಿಯಲ್ಲಿ ಫೇಲ್ ಮಾಡಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು, ಆದರೆ ಹೊರಹಾಕಬಾರದು ಅನ್ನುವುದು ಹಾಗೇ ಉಳಿಯಿತು. 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ.

ಅದೇ ಕಾಯ್ದೆಯ 5ನೇ ಸೆಕ್ಷನ್, ಮಗು ಬೇರೆ ಶಾಲೆಗೆ ಹೋಗಬೇಕೆಂದರೆ ತಡಮಾಡದೆ ಟಿ.ಸಿ. ಕೊಡಬೇಕು ಅನ್ನುತ್ತದೆ. ಅದು ಮಗುವಿನ ಹಕ್ಕು. ನಾವು ಅದನ್ನು ಬಾಗಿಲು ತೋರಿಸುವ ಸಾಧನ ಮಾಡಿಕೊಂಡಿದ್ದೇವೆ. ಕೂಲಿ ಬಿಟ್ಟು ಬಂದ ತಾಯಿಯನ್ನು ಕೂರಿಸಿ “ನೀವೇ ತಗೊಂಡು ಹೋದ್ರೆ ಒಳ್ಳೇದು” ಅಂದರೆ ಅವರು ಸಹಿ ಹಾಕುತ್ತಾರೆ. ದಾಖಲೆಯಲ್ಲಿ ಅದು ‘ಪೋಷಕರ ಕೋರಿಕೆ’. ಹೊರಹಾಕಿದ ಲೆಕ್ಕ ಸೊನ್ನೆ.

ಈ ಕೆಲಸ ಯಾರು ಮಾಡಬೇಕು?

2021ರಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ, 15 ಮಕ್ಕಳಿಗೆ ಅದರ ಮೇಲಿನ ಹಂತದಲ್ಲಿ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅಂದಿತು. 2025ರ ಮಾರ್ಚ್‌ನಲ್ಲಿ ಅದೇ ಪ್ರಕರಣದಲ್ಲಿ, ಹುದ್ದೆಗಳನ್ನು ಅಧಿಸೂಚಿಸಿ ಭರ್ತಿ ಮಾಡಿ ಅಂತ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ನಾಲ್ಕು ವರ್ಷ ಹೇಗೆ ಕಳೆಯಿತು ಅನ್ನುವುದು ಇದರಿಂದಲೇ ಗೊತ್ತಾಗುತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಷ್ಟು ಹುದ್ದೆ ಬೇಕು ಅನ್ನುವ ಲೆಕ್ಕ ಶುರುವಾಗುವುದೇ ಪಟ್ಟಿಯಲ್ಲಿರುವ ಮಕ್ಕಳ ಸಂಖ್ಯೆಯಿಂದ. ನಮ್ಮ ಹುಡುಗ ಪಟ್ಟಿಯಲ್ಲಿಲ್ಲ. ಹೊಟ್ಟೆನೋವಿನ ಹುಡುಗಿಯೂ ಇಲ್ಲ. ಲೆಕ್ಕಕ್ಕೆ ಸಿಗದ ಮಗುವಿನಿಂದ ಒಂದು ಹುದ್ದೆಯೂ ಹುಟ್ಟುವುದಿಲ್ಲ. ನೋಡುವವರಿಲ್ಲದಿದ್ದರೆ ಮಗು ಪಟ್ಟಿಗೂ ಬರುವುದಿಲ್ಲ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಕೌನ್ಸೆಲರ್, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರು ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು ಅಂದಿತು. ಒಳ್ಳೆಯ ಆದೇಶ. ಆದರೆ ನಾನು ಓಡಾಡುವ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ 100 ಮಕ್ಕಳಿರುವುದೇ ಅಪರೂಪ. ಆ ‘ಸಂಪರ್ಕ’ ಯಾರ ಜೊತೆ, ಎಷ್ಟು ದೂರದಲ್ಲಿ ಅನ್ನುವುದು ಇತ್ಯರ್ಥವಾಗದಿದ್ದರೆ ಅದು ಗೋಡೆ ಮೇಲೆ ಅಂಟಿಸಿದ ಇನ್ನೊಂದು ಫೋನ್ ನಂಬರ್ ಆಗಿಬಿಡುತ್ತೆ.

ಕ್ಲಸ್ಟರ್‌ಗೆ ಒಬ್ಬರಾದರೂ ಇರಲಿ, ಅವರು ಖಾಯಂ ನೌಕರರಾಗಿರಲಿ ಅನ್ನುವುದು ನನ್ನ ಬೇಡಿಕೆ. ಖಾಯಂ ಅನ್ನುವುದಕ್ಕೆ ಕಾರಣ ನನ್ನ ಸಂಬಳ ಮಾತ್ರ ಅಲ್ಲ. ಈ ಮಕ್ಕಳಲ್ಲಿ ಎಷ್ಟೋ ಜನ, ಇದ್ದಕ್ಕಿದ್ದಂತೆ ಇಲ್ಲವಾದ ಒಬ್ಬ ದೊಡ್ಡವರನ್ನು ನೆನೆದು ಕುದಿಯುತ್ತಿರುತ್ತಾರೆ. ಅವರಿಗೆ ಹತ್ತಿರವಾದ ಶಿಕ್ಷಕಿ ಮಾರ್ಚ್‌ನಲ್ಲಿ ಗುತ್ತಿಗೆ ಮುಗಿದು ಹೋಗಿಬಿಟ್ಟರೆ ನಾವು ಅದೇ ಗಾಯವನ್ನು ಇನ್ನೊಮ್ಮೆ ಕೆದಕಿದ ಹಾಗೆ. ಆ ಅತಿಥಿ ಶಿಕ್ಷಕಿ ಮರುವರ್ಷ ಆ ಶಾಲೆಗೆ ಬರಲಿಲ್ಲ. ಜೂನ್‌ನಲ್ಲಿ ಹುಡುಗ ಎರಡು ವಾರ ಶಾಲೆ ತಪ್ಪಿಸಿದ.

ನೀವೇನು ಮಾಡಬಹುದು?

ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ ಎರಡು ಪ್ರಶ್ನೆ ಕೇಳಿ: ಈ ವರ್ಷ ಮಧ್ಯದಲ್ಲಿ ಟಿ.ಸಿ. ತೆಗೆದುಕೊಂಡು ಹೋದ ಮಕ್ಕಳು ಎಷ್ಟು? ಅವರು ಈಗ ಯಾವ ಶಾಲೆಯಲ್ಲಿದ್ದಾರೆ? ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುವಾಗ ವಿಶೇಷ ಶಿಕ್ಷಕರು ನಮ್ಮ ಶಾಲೆಗೆ ಎಷ್ಟು ದಿನ ಬಂದರು ಅಂತ ಕೇಳಿ. ಹುದ್ದೆಗಳ ಬಗ್ಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ತುರ್ತಾಗಿ ಯಾರ ಜೊತೆಗಾದರೂ ಮಾತಾಡಬೇಕಾದ ಕುಟುಂಬಕ್ಕೆ ಟೆಲಿ ಮಾನಸ್‌ನ 14416 ಸಂಖ್ಯೆ ಕೊಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಇದ್ದರೆ 1098.

ಆ ಹುಡುಗ ಈಗ ಐದನೇ ತರಗತಿ. ಅವನ ಶಾಲೆಯಲ್ಲಿ ಇರುವುದೇ ಐದರವರೆಗೆ. ಈ ಸಲ ಅವನು ಎಲ್ಲರ ಹಾಗೆ ಟಿ.ಸಿ. ತೆಗೆದುಕೊಂಡು ಪಕ್ಕದ ಊರಿನ ಶಾಲೆಗೆ ಹೋಗುತ್ತಾನೆ. ಆ ಹಾಳೆಯಲ್ಲಿ ಈಗಲೂ ಬರೆಯುವ ಜಾಗ ಇಲ್ಲ. ಹಾಗಾಗಿ ಅವನ ಅಮ್ಮನನ್ನೂ ಅವನನ್ನೂ ಕೇಳಿ, ಹೊಸ ಶಾಲೆಗೆ ನಾನೇ ಒಂದು ಪುಟದ ಕಾಗದ ಬರೆದಿದ್ದೇನೆ. ‘ಅಪ್ಪನನ್ನು ಕರೆದುಕೊಂಡು ಬಾ ಅನ್ನಬೇಡಿ’ ಅನ್ನುವುದು ಅದರ ಮೊದಲ ಸಾಲು.

ಅವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ, “ಗಂಟೆ ಹೊಡೆಯೋಕೆ ಬರುತ್ತೆ ಅಂತಾನೂ ಬರೀರಿ ಮಿಸ್” ಅಂದ. ಬರೆದೆ.